ಕೆಲಸ ಮಡಿಕೇರಿಯಲ್ಲಿ, ಮನೆ ಯಾವ ಊರಲ್ಲಿ?

ಪ್ರಶ್ನೆ: ನನಗೆ ಹಾಸನದಿಂದ ಮಡಿಕೇರಿಗೆ ವರ್ಗವಾಗಿದೆ. ಜಿಲ್ಲಾ ಮಟ್ಟದ ಕಚೇರಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಮೇ ತಿಂಗಳಲ್ಲಿ ಸೇರಿಕೊಳ್ಳಬೇಕು. ನಮ್ಮ ಯಜಮಾನರು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾರೆ, ತಿಂಗಳಿಗೆ ಎರಡು ಸಲ ಅಲ್ಲಿಗೆ ಹೋಗಿಬರಬೇಕು. ಮಗ ಮೂರನೇ ಕ್ಲಾಸು. ಅತ್ತೆಗೆ 68 ವರ್ಷ, ಉಬ್ಬಸ ಇದೆ, ಮಂಡಿ ನೋವೂ ಇದೆ. ಮಾರ್ಚ್‌ನಲ್ಲಿ ಬಂದು ಮನೆ ನೋಡಿದೆವು. ನಮ್ಮ ಕೈಗೆ ಎಟಕುವುದು 12 ಸಾವಿರ ಬಾಡಿಗೆ. ಮಡಿಕೇರಿಯಲ್ಲಿ ಆ ಬಾಡಿಗೆಗೆ ಮನಸ್ಸಿಗೆ ಬಂದ ಮನೆ ಸಿಗಲಿಲ್ಲ. ಕುಶಾಲನಗರ, ಸುಂಟಿಕೊಪ್ಪ, ಮೂರ್ನಾಡು, ವಿರಾಜಪೇಟೆ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ದಿನಾ ಓಡಾಡಲು ಯಾವ ಊರು ಒಳ್ಳೆಯದು? ಬಾಡಿಗೆ ಕೊಡುವ ಬದಲು ಒಂದು ಸೈಟೇ ತೆಗೆದುಕೊಂಡುಬಿಡೋಣ ಅಂತ ಯಜಮಾನರ ಆಸೆ. ಅದು ಸರಿಯೇ?

ಉತ್ತರ: ನೀವು ಮನೆ ನೋಡಿದ್ದು ಮಾರ್ಚ್‌ನಲ್ಲಿ. ಮಾರ್ಚ್‌ನಲ್ಲಿ ನೋಡಿದರೆ ಕೊಡಗಿನ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿರುತ್ತದೆ. ದಾರಿಯುದ್ದಕ್ಕೂ ಮಲ್ಲಿಗೆಯ ಹಾಗೆ ಪರಿಮಳ. ರಸ್ತೆ ಒಣಗಿರುತ್ತದೆ, ಕುಶಾಲನಗರದಿಂದ ಮಡಿಕೇರಿಗೆ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಬಂದುಬಿಡಬಹುದು. ಇದೇನು ಮಹಾ ಅನ್ನಿಸುತ್ತದೆ.

ಆದರೆ ನೀವು ಜುಲೈನಲ್ಲೂ ಓಡಾಡಬೇಕು. ಜುಲೈ ಮೂರನೇ ವಾರದ ಒಂದು ಸಂಜೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಐದೂವರೆಗೆ ಕಚೇರಿ ಬಿಟ್ಟಿರಿ. ಹಗಲೆಲ್ಲ ಲೈಟು ಹಾಕಿಕೊಂಡೇ ಕೆಲಸ ಮಾಡಿದ್ದೀರಿ, ಹೊರಗೆ ಬಂದರೆ ಆಗಲೇ ಕತ್ತಲು. ಮಂಜು ಕವಿದು ಎದುರಿನ ಅಂಗಡಿಯ ಬೋರ್ಡು ಕಾಣುವುದಿಲ್ಲ. ಗಾಳಿಗೆ ಕೊಡೆ ತಿರುಗಿಕೊಳ್ಳುತ್ತದೆ. ಬಸ್ಸಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿದ್ದಾರೆ, ಒಳಗೆ ಒದ್ದೆ ಬಟ್ಟೆಯ ವಾಸನೆ. ಎಲ್ಲೋ ಮರ ಬಿದ್ದಿದೆಯಂತೆ, ಕತ್ತರಿಸುತ್ತಿದ್ದಾರಂತೆ ಅಂತ ಕಂಡಕ್ಟರ್ ಹೇಳುತ್ತಾನೆ. ಅವತ್ತು ನೀವು ಎಷ್ಟು ಗಂಟೆಗೆ ಮನೆ ಸೇರುತ್ತೀರಿ, ಸೇರಿದ ಮನೆ ಒಳಗೆ ಒಣಗಿದೆಯೋ ಇಲ್ಲವೋ, ಇದನ್ನು ನೋಡಿ ಊರು ಆರಿಸಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ನಾನು ಸಿವಿಲ್ ಎಂಜಿನಿಯರ್. ಮನೆ ಕಟ್ಟಿಸುವುದು, ತಡೆಗೋಡೆ ಕಟ್ಟಿಸುವುದು ನನ್ನ ಕೆಲಸ, ಈ ಜಿಲ್ಲೆಯಲ್ಲೇ 27 ವರ್ಷವಾಯಿತು. ಮಡಿಕೇರಿಯಲ್ಲಿ ಆರು ವರ್ಷ ಇದ್ದೆ, ಕುಶಾಲನಗರದಲ್ಲಿ ಒಂಬತ್ತು ವರ್ಷ. ಈಗ ಸುಂಟಿಕೊಪ್ಪದಲ್ಲಿದ್ದೇನೆ. ಹಾಗಾಗಿ ಮೂರೂ ಕಡೆಯ ಮಳೆಗಾಲ ಗೊತ್ತು.

ಮೊದಲು ಮಡಿಕೇರಿಯನ್ನೇ ನೋಡೋಣ. ಇದು ಈಗ ಜಿಲ್ಲಾ ಕೇಂದ್ರ, ಹಿಂದೆ ರಾಜಧಾನಿಯೇ ಆಗಿತ್ತು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ಕೋಟೆ ಕಟ್ಟಿ ರಾಜಧಾನಿ ಮಾಡಿದ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡ ಮೇಲೂ ಆಡಳಿತ ಇಲ್ಲಿಂದಲೇ ನಡೆಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಡಗು ಬೇರೆಯೇ ರಾಜ್ಯವಾಗಿತ್ತು, ಮಡಿಕೇರಿ ಅದರ ರಾಜಧಾನಿ. ಇದನ್ನು ಯಾಕೆ ಹೇಳಿದೆ ಅಂದರೆ, ರಾಜರು ಊರು ಕಟ್ಟಿದ್ದು ಶತ್ರು ಸುಲಭವಾಗಿ ಹತ್ತಿಬರಬಾರದು ಅಂತ. ಅದಕ್ಕೇ ಬೆಟ್ಟದ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಸುತ್ತ ಕಣಿವೆ ಇರುವ ಜಾಗ ನೋಡಿ ಕಟ್ಟಿದರು. ಆ ಊರಿಗೆ ಈಗ ಕಚೇರಿ, ಕೋರ್ಟು, ಕಾಲೇಜು, 2016ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, ಪ್ರವಾಸಿಗರು, ಅವರ ಕಾರುಗಳು ಎಲ್ಲ ಬಂದು ಸೇರಿವೆ. ಸಮತಟ್ಟು ಜಾಗ ಅನ್ನುವುದೇ ಕಡಿಮೆ. ಇರುವ ಒಳ್ಳೆಯ ಮನೆಗಳಲ್ಲಿ ಬಹಳಷ್ಟು ಹೋಂಸ್ಟೇ ಆಗಿವೆ. ಎರಡು ರಾತ್ರಿಗೆ ಪ್ರವಾಸಿಗರು ಕೊಡುವ ದುಡ್ಡು ಕೈಗೆ ಬರುವಾಗ, ತಿಂಗಳ ಬಾಡಿಗೆಗೆ ಸಂಸಾರದವರಿಗೆ ಯಾರು ಕೊಡುತ್ತಾರೆ?

ನಿಮ್ಮ 12 ಸಾವಿರಕ್ಕೆ ಮಡಿಕೇರಿಯಲ್ಲಿ ಮನೆ ಸಿಗುವುದೇ ಇಲ್ಲ ಅಂತಲ್ಲ. ಸಿಗುತ್ತದೆ. ಆದರೆ ಹೆಚ್ಚಾಗಿ ರಸ್ತೆಯಿಂದ ಮೂವತ್ತು ನಲವತ್ತು ಮೆಟ್ಟಿಲು ಇಳಿದು ಹೋಗುವಂಥ ಮನೆ. ಮಳೆಗಾಲದಲ್ಲಿ ಆ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುತ್ತದೆ. ಮಂಡಿ ನೋವಿರುವ ಅತ್ತೆಯವರು ಜೂನ್‌ನಲ್ಲಿ ಮನೆ ಒಳಗೆ ಸೇರಿದರೆ ಅಕ್ಟೋಬರ್‌ಗೇ ಹೊರಗೆ ಬರುವುದು. ವಯಸ್ಸಾದವರಿಗೆ ಇದು ಸಣ್ಣ ವಿಷಯವಲ್ಲ.

ನನ್ನದೇ ಒಂದು ಅನುಭವ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಡಿಕೇರಿಯಲ್ಲಿ ಒಂದು ಮನೆ ಹಿಡಿದೆ. ಮುಂದೆ ನಿಂತರೆ ಇಡೀ ಕಣಿವೆ ಕಾಣುತ್ತಿತ್ತು. ಹಿಂದೆ, ಅಡುಗೆಮನೆ ಕಿಟಕಿಗೆ ಒಂದೂವರೆ ಅಡಿ ಬಿಟ್ಟು, ಹನ್ನೆರಡು ಅಡಿ ಎತ್ತರದ ಬರೆ. ನಮ್ಮಲ್ಲಿ ಗುಡ್ಡ ಕಡಿದಾಗ ನೇರವಾಗಿ ನಿಲ್ಲುವ ಮಣ್ಣಿನ ಗೋಡೆಗೆ ಬರೆ ಅನ್ನುತ್ತೇವೆ. ಬೇಸಿಗೆಯಲ್ಲಿ ಅದು ಕೆಂಪಗೆ, ಗಟ್ಟಿಯಾಗಿ, ಇಟ್ಟಿಗೆಯ ಹಾಗೆ ಇತ್ತು. ಎಂಜಿನಿಯರಿಂಗ್ ಓದಿದ್ದ ನಾನೇ ಅದನ್ನು ನೋಡಿ ಸುಮ್ಮನಾದೆ. ಜೂನ್ ಕೊನೆಗೆ ಅಡುಗೆಮನೆ ಗೋಡೆ ಬೆವರಲು ಶುರುವಾಯಿತು. ಆಮೇಲೆ ಅಕ್ಕಿ ಡಬ್ಬದ ಹಿಂದೆ ಬೂಷ್ಟು. ಬೀರುವಿನಲ್ಲಿದ್ದ ನನ್ನ ಮದುವೆಯ ಕೋಟಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಬೂಷ್ಟು. ಚಪ್ಪಲಿ, ಬೆಲ್ಟು, ಪುಸ್ತಕ ಯಾವುದೂ ಉಳಿಯಲಿಲ್ಲ. ಜುಲೈನಲ್ಲಿ ಒಂದು ರಾತ್ರಿ ಬರೆಯಿಂದ ಒಂದು ಗಾಡಿಯಷ್ಟು ಮಣ್ಣು ಜಾರಿ ಕಿಟಕಿಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗ ಎರಡು ವರ್ಷದವಳಾಗಿದ್ದ ನನ್ನ ಮಗಳಿಗೆ ಆ ಮಳೆಗಾಲ ಹಿಡಿದ ಕೆಮ್ಮು ಬಿಡಲು ನವೆಂಬರ್ ಆಯಿತು. ಅವತ್ತಿನಿಂದ ಯಾರು ಮನೆ ತೋರಿಸಲು ಕರೆದರೂ ನಾನು ಮೊದಲು ಹೋಗುವುದು ಮನೆಯ ಹಿಂದಕ್ಕೆ.

ಇನ್ನು ಮಳೆಯ ಲೆಕ್ಕ. ನೈಋತ್ಯ ಮಳೆ ಅರಬ್ಬೀ ಸಮುದ್ರದ ಕಡೆಯಿಂದ ಬಂದು ಪಶ್ಚಿಮ ಘಟ್ಟಕ್ಕೆ ಬಡಿದು ಸುರಿಯುತ್ತದೆ. ಭಾಗಮಂಡಲ, ತಲಕಾವೇರಿ ಆ ಅಂಚಿನಲ್ಲಿರುವುದರಿಂದ ಅಲ್ಲಿ ವಿಪರೀತ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,200 ಮಿಲಿಮೀಟರ್. ಅಲ್ಲಿಂದ ಪೂರ್ವಕ್ಕೆ ಇಳಿಯುತ್ತ ಹೋದ ಹಾಗೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಸುಮಾರು 30 ಕಿಲೋಮೀಟರ್ ದೂರದ ಕುಶಾಲನಗರಕ್ಕೆ ಬರುವ ಹೊತ್ತಿಗೆ ನೀವು 300 ಮೀಟರ್ ಕೆಳಗೆ ಬಂದಿರುತ್ತೀರಿ, ಮಳೆ ಮಡಿಕೇರಿಯ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿರುತ್ತದೆ. ಮಡಿಕೇರಿಯಲ್ಲಿ ಸ್ವೆಟರ್, ಜಾಕೆಟ್ ಹಾಕಿಕೊಂಡು ಬಸ್ಸು ಹತ್ತಿದವರು ಕುಶಾಲನಗರಕ್ಕೆ ಸ್ವಲ್ಪ ಮೊದಲು ಸಿಗುವ ಗುಡ್ಡೆಹೊಸೂರು ಬರುವಷ್ಟರಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಎಷ್ಟೋ ಸಲ ಅಲ್ಲಿ ರಸ್ತೆಯೂ ಒಣಗಿರುತ್ತದೆ. ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆ ಹವೆ ಇರುವುದು ನಿಮ್ಮಂಥವರಿಗೆ ದೊಡ್ಡ ಅನುಕೂಲ.

ಹಾಗಾದರೆ ಕುಶಾಲನಗರವೇ? ಒಂದೇ ಮಾತಿನಲ್ಲಿ ಹೌದು ಅನ್ನುವ ಮೊದಲು ಅದರ ತೊಂದರೆಯನ್ನೂ ಹೇಳಿಬಿಡುತ್ತೇನೆ.

ಕುಶಾಲನಗರ ಕಾವೇರಿ ದಡದ ಊರು. ಹಳಬರು ಈಗಲೂ ಫ್ರೇಜರ್‌ಪೇಟೆ ಅನ್ನುವುದುಂಟು. ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮೈಸೂರು ಜಿಲ್ಲೆ. ಊರಿನಿಂದ ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಹೆಸರೇ ಹೇಳುತ್ತದೆ ನೋಡಿ. ಎರಡೂ ಹೊಳೆ ಒಟ್ಟಿಗೆ ತುಂಬಿ ಬಂದರೆ ಕಾವೇರಿಯ ನೀರು ಮುಂದೆ ಹೋಗಲಾಗದೆ ಹಿಂದಕ್ಕೆ ಒತ್ತುತ್ತದೆ. 2018ರಲ್ಲಿ, ಮತ್ತೆ 2019ರಲ್ಲಿ, ಎರಡು ಸಲವೂ ಆಗಸ್ಟ್‌ನಲ್ಲಿ ಹೊಳೆ ಪಕ್ಕದ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಅಲ್ಲಿ ಮಳೆ ಕಡಿಮೆ ಅಂತ ನಂಬಿ ಮನೆ ಕಟ್ಟಿದವರ ಮನೆಯಲ್ಲಿ ಫ್ರಿಜ್ಜು ತೇಲಿತು. ಮಳೆ ಬಿದ್ದದ್ದು ಮೇಲೆ, ಮುಳುಗಿದ್ದು ಕೆಳಗೆ. ಆದ್ದರಿಂದ ಕುಶಾಲನಗರದಲ್ಲಿ ಮನೆ ನೋಡುವಾಗ ಅಕ್ಕಪಕ್ಕದವರನ್ನು ಒಂದೇ ಪ್ರಶ್ನೆ ಕೇಳಿ: 2019ರಲ್ಲಿ ನೀರು ಎಲ್ಲಿ ತನಕ ಬಂದಿತ್ತು? ಬ್ರೋಕರನ್ನು ಕೇಳಬೇಡಿ, ಮನೆ ಓನರನ್ನೂ ಕೇಳಬೇಡಿ. ಆ ಬೀದಿಯ ಕಿರಾಣಿ ಅಂಗಡಿಯವರನ್ನು ಕೇಳಿ, ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಕೆಲವು ಕಾಂಪೌಂಡ್ ಗೋಡೆಗಳಲ್ಲಿ ಆ ಗೆರೆ ಬಣ್ಣದ ಕೆಳಗಿನಿಂದ ಈಗಲೂ ಕಾಣುತ್ತದೆ.

ಹೊಳೆಯ ಕಡೆ ಬಿಟ್ಟು ಮಡಿಕೇರಿ ರಸ್ತೆಯ ಕಡೆ, ಸ್ವಲ್ಪ ಎತ್ತರದ ಜಾಗ ನೋಡಿದರೆ ಆ ಭಯ ಇಲ್ಲ. ಉಳಿದಂತೆ ಊರು ನಿಮಗೆ ಹೇಳಿ ಮಾಡಿಸಿದ ಹಾಗಿದೆ. ನೆಲ ಸಮತಟ್ಟು, ಅತ್ತೆಯವರು ಕೋಲು ಹಿಡಿದುಕೊಂಡು ದೇವಸ್ಥಾನಕ್ಕೆ ಹೋಗಿಬರಬಹುದು. ಬಟ್ಟೆ ಒಣಗುತ್ತದೆ. ನಗಬೇಡಿ, ಆಗಸ್ಟ್ ತಿಂಗಳಲ್ಲಿ ಬಟ್ಟೆ ಒಣಗುವ ಊರಿಗೂ ಒಣಗದ ಊರಿಗೂ ಇರುವ ವ್ಯತ್ಯಾಸ ಉಬ್ಬಸ ಇರುವವರ ಮನೆಯಲ್ಲಿ ರಾತ್ರಿ ಎದ್ದು ಕೂತವರಿಗೇ ಗೊತ್ತು. ಶಾಲೆಗಳು ಬೇಕಾದಷ್ಟಿವೆ. ಮಂಗಳವಾರ ಸಂತೆ. ಯಜಮಾನರಿಗೆ ಬೆಂಗಳೂರು ಸುಮಾರು ಒಂದು ಗಂಟೆ ಹತ್ತಿರವಾಗುತ್ತದೆ, ಮೈಸೂರಿಗಂತೂ ಬೆಳಿಗ್ಗೆಯಿಂದ ರಾತ್ರಿವರೆಗೆ ಬಸ್ಸಿದೆ. ಕರೆಂಟು, ಇಂಟರ್ನೆಟ್ ಮಡಿಕೇರಿ ಸುತ್ತಮುತ್ತಲ ಹಳ್ಳಿಗಳಿಗಿಂತ ಎಷ್ಟೋ ವಾಸಿ. ಮನೆಯಿಂದ ಕೆಲಸ ಮಾಡುವವರಿಗೆ ಇದೇ ಮುಖ್ಯ ಅಲ್ವಾ? ತೋಟದ ನಡುವಿನ ಊರುಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಇಲ್ಲ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಬೆಂಗಳೂರಿನ ಕಂಪನಿಗೆ ಇದನ್ನು ವಿವರಿಸುವುದು ಕಷ್ಟ.

ಈ ಎಲ್ಲ ಅನುಕೂಲದ ಭಾರ ಬೀಳುವುದು ನಿಮ್ಮ ಮೇಲೆ. ದಿನಕ್ಕೆ 60 ಕಿಲೋಮೀಟರ್, ಅದೂ ಘಟ್ಟ ಹತ್ತಿ ಇಳಿಯುವುದು. ಬಸ್ಸಿಗೆ ಒಂದು ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಒಂದೂಕಾಲು. ಆನೆಕಾಡಿನ ಹತ್ತಿರ ರಸ್ತೆ ನೇರ, ಆದರೆ ಕತ್ತಲಾದ ಮೇಲೆ ಆನೆ ದಾಟುತ್ತದೆ. ಸುಂಟಿಕೊಪ್ಪ ದಾಟಿದ ಮೇಲೆ ತಿರುವು ಶುರು, ಬೋಯಿಕೇರಿ ಕಡೆ ಮಂಜು ಜಾಸ್ತಿ. ಸ್ಕೂಟರಿನಲ್ಲಿ ಹೋಗುತ್ತೇನೆ ಅಂತ ಹೊರಡಬೇಡಿ. ಬೇಸಿಗೆಯಲ್ಲಿ ಮಾಡಿದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಖಂಡಿತ ಬೇಡ.

ಬಸ್ಸಿನ ವಿಷಯದಲ್ಲಿ ಒಂದು ಮಾತು. ನಮ್ಮ ಜಿಲ್ಲೆಗೆ ರೈಲು ಇಲ್ಲ, ಏನಿದ್ದರೂ ಬಸ್ಸೇ. ಕೊಡಗಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕುಶಾಲನಗರ–ಮಡಿಕೇರಿ ದಾರಿ ಹಾಗಲ್ಲ. ಮೈಸೂರು, ಬೆಂಗಳೂರು, ಮಂಗಳೂರಿನ ಸರ್ಕಾರಿ ಬಸ್ಸುಗಳೆಲ್ಲ ಇದೇ ಹೆದ್ದಾರಿಯಲ್ಲಿ ಬರಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಪ್ರಕಾರ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ರಾಜಹಂಸ, ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ಖಾಸಗಿ ಬಸ್ಸಿಗೂ ಇಲ್ಲ. ಅಂದರೆ ಕುಶಾಲನಗರದಿಂದ ಓಡಾಡಿದರೆ ನಿಮ್ಮ ತಿಂಗಳ ಖರ್ಚು ಹೆಚ್ಚುಕಡಿಮೆ ಸೊನ್ನೆ. ಅದೇ ಖಾಸಗಿ ಬಸ್ಸೇ ಹೆಚ್ಚಿರುವ ನಾಪೋಕ್ಲು ಕಡೆಯಿಂದಾದರೆ ದಿನಾ ಎರಡು ಟಿಕೆಟ್. ಒಂದು ಎಚ್ಚರಿಕೆ: ಶನಿವಾರ, ಭಾನುವಾರ ಮತ್ತು ಸಾಲು ರಜೆ ಬಂದಾಗ ದೂರದ ಬಸ್ಸುಗಳು ತುಂಬಿಕೊಂಡೇ ಬರುತ್ತವೆ. ಕುಶಾಲನಗರದಲ್ಲಿ ನಿಲ್ಲಿಸಿದರೂ ನಿಂತುಕೊಂಡೇ ಘಟ್ಟ ಹತ್ತಬೇಕು.

ಸುಂಟಿಕೊಪ್ಪ ನಾನು ಇರುವ ಊರು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ. ಮಡಿಕೇರಿಗೂ ಕುಶಾಲನಗರಕ್ಕೂ ಸರಿಯಾಗಿ ನಡುವೆ, ಎರಡು ಕಡೆಗೂ 15 ಕಿಲೋಮೀಟರ್ ಆಸುಪಾಸು. ಬಸ್ಸು ಅದೇ ಹೆದ್ದಾರಿಯದು. ಅರ್ಧ ಗಂಟೆಗೆ ಮಡಿಕೇರಿ. ಆನೆಕಾಡು ನಿಮ್ಮ ದಾರಿಗೆ ಬರುವುದಿಲ್ಲ, ಅದು ಕುಶಾಲನಗರದ ಕಡೆ. ಬಾಡಿಗೆ ಕಡಿಮೆ, ಜನ ಒಳ್ಳೆಯವರು, ಯಾರ ಮನೆಯಲ್ಲಿ ಏನಾದರೂ ಓಡಿಬರುತ್ತಾರೆ. ಆದರೆ ಮನೆಗಳು ಕಡಿಮೆ, ಶಾಲೆ ಆರಿಸಿಕೊಳ್ಳುವಷ್ಟಿಲ್ಲ. ಮಳೆ ಮಡಿಕೇರಿಯಷ್ಟಿಲ್ಲದಿದ್ದರೂ ಸುತ್ತ ತೋಟ, ತೋಟದಲ್ಲಿ ನೆರಳು ಮರ. ಜುಲೈ, ಆಗಸ್ಟ್‌ನಲ್ಲಿ ಥಂಡಿ ಬಿಡುವುದಿಲ್ಲ. ನೀವಿಬ್ಬರು ಮತ್ತು ಮಗ ಮಾತ್ರ ಆಗಿದ್ದರೆ ಕಣ್ಣುಮುಚ್ಚಿಕೊಂಡು ಸುಂಟಿಕೊಪ್ಪ ಅನ್ನುತ್ತಿದ್ದೆ. ಅತ್ತೆಯವರ ಉಬ್ಬಸ ನೆನೆದು ಸ್ವಲ್ಪ ಹಿಂದೆ ಸರಿಯುತ್ತೇನೆ.

ಮೂರ್ನಾಡು ಕೂಡ ಮಡಿಕೇರಿಗೆ ಹತ್ತಿರ, ವಿರಾಜಪೇಟೆ ರಸ್ತೆಯಲ್ಲಿ 15 ಕಿಲೋಮೀಟರ್ ಆಸುಪಾಸು. ಮೇಕೇರಿ, ಹಾಕತ್ತೂರು ದಾಟಿ ಹೋಗುವ ದಾರಿ ಚೆಂದ. ಸಣ್ಣ ಪೇಟೆ, ಅಚ್ಚುಕಟ್ಟು. ಆದರೆ ಮಳೆ ಹೆಚ್ಚು. ಯಜಮಾನರು ಬೆಂಗಳೂರಿಗೆ ಹೋಗಬೇಕಾದರೆ ಮೊದಲು ಮಡಿಕೇರಿಗೋ ವಿರಾಜಪೇಟೆಗೋ ಬರಬೇಕು. ನಿಮಗೆ ಬೇಡ.

ವಿರಾಜಪೇಟೆ ದೊಡ್ಡ ಊರು, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಇದೆ, ಬುಧವಾರದ ಸಂತೆಯಲ್ಲಿ ಸಿಗದ ಸಾಮಾನಿಲ್ಲ. ದೂರವೂ ಕುಶಾಲನಗರದಷ್ಟೇ. ಆದರೂ ಎರಡೂ ಒಂದೇ ಅಲ್ಲ. ಬೇತ್ರಿಯಲ್ಲಿ ಕಾವೇರಿ ದಾಟಬೇಕು, ದೊಡ್ಡ ಮಳೆಯಲ್ಲಿ ಅಲ್ಲಿ ಹೊಳೆ ಸೇತುವೆಯ ಎತ್ತರಕ್ಕೆ ಬರುತ್ತದೆ. ರಸ್ತೆ ಕಿರಿದು, ತಿರುವು ಜಾಸ್ತಿ. ಮೈಸೂರಿಗೆ ಗೋಣಿಕೊಪ್ಪ, ಹುಣಸೂರು ಮೇಲೆ ಬೇರೆ ದಾರಿ ಇದೆ ಅನ್ನುವುದೊಂದು ಅನುಕೂಲ. ಆದರೆ ನಿಮ್ಮ ಕೆಲಸ ಮಡಿಕೇರಿಯಲ್ಲಿ.

ಯಾರಾದರೂ ಚೆಟ್ಟಳ್ಳಿಯಲ್ಲಿ ತೋಟದ ಮನೆ ಕಡಿಮೆಗೆ ಸಿಗುತ್ತದೆ ಅನ್ನಬಹುದು. ನಿಜ, ಸಿಗುತ್ತದೆ. ಆ ಭಾಗದಲ್ಲಿ ಕಾಡಾನೆ ಹಗಲಲ್ಲೇ ತೋಟದೊಳಗಿರುತ್ತದೆ, ಶಾಲೆ ವ್ಯಾನಿಗೆ ಮಗುವನ್ನು ಹತ್ತಿಸಲು ಹೋಗುವುದೂ ಆತಂಕ. ಸೋಮವಾರಪೇಟೆ ದೂರ. ಮಂಗಳೂರು ಹೆದ್ದಾರಿಯ ಸಂಪಾಜೆ ಕಡೆ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಬೆಟ್ಟವೇ ಜಾರಿ ಆ ಹೆದ್ದಾರಿ ಮುಚ್ಚಿತ್ತು. 2024ರ ಜುಲೈನಲ್ಲೂ ಕರ್ತೋಜಿ ಬಳಿ ಕುಸಿಯುವ ಭಯದಿಂದ ರಾತ್ರಿ ಸಂಚಾರ ನಿಲ್ಲಿಸಿದ್ದರು. ಮಡಿಕೇರಿಯಿಂದ ಹೊರಡುವ ದಾರಿಗಳಲ್ಲಿ ಕುಶಾಲನಗರದ ಕಡೆಯದೇ ಮಳೆಗಾಲದಲ್ಲಿ ಹೆಚ್ಚು ನಂಬಬಹುದಾದ ದಾರಿ. ನಾನು ಊರಿಗಿಂತ ದಾರಿಗೆ ಹೆಚ್ಚು ಅಂಕ ಕೊಡುವುದು ಇದಕ್ಕೇ.

ಈಗ ಯಜಮಾನರ ಸೈಟಿನ ಆಸೆ. ಈ ವರ್ಷ ಬೇಡ. ಮುಂದಿನ ವರ್ಷವೂ ಅವಸರ ಬೇಡ. ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ನೀವು ನೋಡುವ ಸೈಟನ್ನು ಆಗಸ್ಟ್ ಮೊದಲ ವಾರ ಸುರಿಯುವ ಮಳೆಯಲ್ಲಿ ಗಂಬೂಟ್ ಹಾಕಿಕೊಂಡು ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ನೋಡಿ ಅಡ್ವಾನ್ಸ್ ಕೊಟ್ಟು, ಮಳೆಗಾಲದಲ್ಲಿ ನನಗೆ ಫೋನ್ ಮಾಡಿದವರ ಲೆಕ್ಕ ಇಡುವುದನ್ನು ನಾನು ಬಿಟ್ಟಿದ್ದೇನೆ.

2018ರಲ್ಲಿ ಬೆಟ್ಟಗಳು ಜಾರಿದ್ದಕ್ಕೆ ಬರೀ ಮಳೆಯೇ ಕಾರಣ ಅಲ್ಲ. ಭೂವಿಜ್ಞಾನಿಗಳು ಬಂದು ನೋಡಿ, ಮನೆಗೆ, ರಸ್ತೆಗೆ, ಹೋಂಸ್ಟೇಗೆ ಅಂತ ಗುಡ್ಡ ಕಡಿದು ಹಾಗೇ ಬಿಟ್ಟದ್ದೂ ಕಾರಣ ಎಂದಿದ್ದರು. ನಾನೂ ಅದನ್ನೇ ಕಂಡಿದ್ದೇನೆ. ಸಾವಿರಾರು ವರ್ಷ ಸುಮ್ಮನಿದ್ದ ಇಳಿಜಾರನ್ನು ಜೆಸಿಬಿ ಎರಡು ದಿನದಲ್ಲಿ ಕಡಿಯುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಸಮ ಮಾಡುತ್ತಾರೆ. ಹಿಂದಿನ ಅರ್ಧ ಗಟ್ಟಿ ನೆಲ, ಮುಂದಿನ ಅರ್ಧ ತುಂಬಿದ ಮಣ್ಣು. ಮನೆ ಎರಡರ ಮೇಲೂ ಕೂರುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ನಡುಮನೆಯ ಗೋಡೆಯಲ್ಲಿ ಓರೆಯಾಗಿ ಬಿರುಕು ಬರುತ್ತದೆ. ಬಾಡಿಗೆ ಮನೆ ನೋಡುವಾಗಲೂ ಇದನ್ನು ಗಮನಿಸಿ. ನೇರ ಕೂದಲೆಳೆ ಬಿರುಕಾದರೆ ಸಿಮೆಂಟಿನದು, ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೆ ಹತ್ತಿದ, ಬೆರಳಿನ ಉಗುರು ಹೋಗುವಷ್ಟು ಅಗಲದ ಬಿರುಕಾದರೆ ಆ ಮನೆ ಬಿಡಿ. ಹಿಂದೆ ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಗೆ ಬರಲು ಪೈಪು ಇಟ್ಟಿದ್ದಾರೆಯೇ ನೋಡಿ. ಮಳೆಯಲ್ಲಿ ಆ ಪೈಪಿನಿಂದ ನೀರು ಸುರಿಯುತ್ತಿದ್ದರೆ ಗೋಡೆ ಸರಿಯಾಗಿ ಕೆಲಸ ಮಾಡುತ್ತಿದೆ. ಪೈಪೇ ಇಲ್ಲದ ಗೋಡೆಯ ಹಿಂದೆ ನೀರು ತುಂಬಿಕೊಳ್ಳುತ್ತದೆ, ಎಷ್ಟು ದಪ್ಪ ಕಟ್ಟಿದ್ದರೂ ಒಂದು ದಿನ ಹೊಟ್ಟೆ ಉಬ್ಬಿ ಬೀಳುತ್ತದೆ.

ಸೈಟು ತೆಗೆದುಕೊಳ್ಳುವಾಗ ಕಾಗದದ ವಿಷಯವೂ ಇದೆ. ಹೊರ ಜಿಲ್ಲೆಯವರಿಗೆ ನಮ್ಮ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ), ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ) ಇವೆಲ್ಲ ಹೊಸತು. ಒಂದೇ ಪಹಣಿಯಲ್ಲಿ ಕುಟುಂಬದ ಹತ್ತಾರು ಜನರ ಹೆಸರಿರುವುದುಂಟು. ಒಬ್ಬರು ಮಾರುತ್ತೇನೆ ಅಂದರೆ ಆಗುವುದಿಲ್ಲ. ಇಲ್ಲಿಯ ಕಂದಾಯದ ದಾಖಲೆ ಓದಿ ಗೊತ್ತಿರುವ, ಇಲ್ಲಿಯ ಕೋರ್ಟಿನಲ್ಲೇ ಕೆಲಸ ಮಾಡುವ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಕೊಡಬೇಡಿ. ಭೂಪರಿವರ್ತನೆ ಆಗಿದೆಯೇ, ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕಿದೆಯೇ ಎಂಬುದನ್ನೂ ಅವರೇ ನೋಡಲಿ.

ಇನ್ನೊಂದು ಮಾತು ನೀವು ಕೇಳುತ್ತೀರಿ: ನಾಲ್ಕು ಪಥದ ರಸ್ತೆ ಬರುತ್ತದೆ, ರೈಲು ಬರುತ್ತದೆ, ಈಗಲೇ ತೆಗೆದುಕೊಳ್ಳಿ. ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ. ಅದು ಶ್ರೀರಂಗಪಟ್ಟಣದ ಹತ್ತಿರದಿಂದ ಗುಡ್ಡೆಹೊಸೂರಿನ ತನಕ, ಸುಮಾರು 92 ಕಿಲೋಮೀಟರ್. ಗುಡ್ಡೆಹೊಸೂರಿನಿಂದ ಮೇಲೆ ಮಡಿಕೇರಿಗೆ ಬರುವ ಘಟ್ಟದ ದಾರಿ ಅದರಲ್ಲಿ ಸೇರಿಲ್ಲ. ಮುಗಿದರೆ ಯಜಮಾನರ ಬೆಂಗಳೂರು ಪ್ರಯಾಣ ಹಗುರವಾಗಬಹುದು. ನೀವು ದಿನಾ ಹೋಗುವ ದಾರಿಯಲ್ಲಿ ಏನೂ ಬದಲಾಗುವುದಿಲ್ಲ. ಮೈಸೂರು ಕಡೆಯಿಂದ ಕುಶಾಲನಗರಕ್ಕೆ ರೈಲು ಅನ್ನುವುದನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಬಂದ ದಿನ ನಾನೂ ಹೋಗಿ ಹೂವು ಹಾಕುತ್ತೇನೆ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ.

ನೀವು ಸರ್ಕಾರಿ ನೌಕರರಾದ್ದರಿಂದ ಇದನ್ನೂ ಹೇಳಬೇಕು. ಕೇಂದ್ರಸ್ಥಾನದಲ್ಲೇ, ಅಂದರೆ ಕಚೇರಿ ಇರುವ ಊರಿನಲ್ಲೇ, ವಾಸ ಇರಬೇಕು ಅನ್ನುವ ನಿಯಮ ಇದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಎಲ್ಲರನ್ನೂ ಕೇಂದ್ರಸ್ಥಾನ ಬಿಡಬೇಡಿ ಅಂತ ಎಚ್ಚರಿಸುವುದೂ ಉಂಟು. ನಿಮ್ಮ ಕೆಲಸ ರಾತ್ರಿ ಕರೆದರೆ ಬರಬೇಕಾದ ಥರದ್ದೇ ಅಂತ ಸೇರಿದ ದಿನವೇ ಮೇಲಧಿಕಾರಿಗಳ ಹತ್ತಿರ ಕೇಳಿಕೊಳ್ಳಿ. ಹೌದು ಅಂದರೆ ಇದುವರೆಗೆ ನಾನು ಬರೆದದ್ದನ್ನೆಲ್ಲ ಬದಿಗಿಟ್ಟು, ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟಾದರೂ ಮಡಿಕೇರಿಯಲ್ಲೇ ರಸ್ತೆಗೆ ಸಮವಾಗಿರುವ, ಹಿಂದೆ ಬರೆ ಇಲ್ಲದ ಮನೆ ಹುಡುಕಬೇಕಾಗುತ್ತದೆ.

ಇಲ್ಲ ಅಂದರೆ ನನ್ನ ಸಲಹೆ ಕುಶಾಲನಗರ. ಹೊಳೆಯಿಂದ ದೂರ, ಮಡಿಕೇರಿ ರಸ್ತೆಯ ಬಸ್ ಸ್ಟಾಪಿಗೆ ಹತ್ತು ನಿಮಿಷದ ನಡಿಗೆಯೊಳಗೆ. ಈ ಹತ್ತು ನಿಮಿಷದ ಮಾತನ್ನು ಸಡಿಲ ಮಾಡಬೇಡಿ. ಊರೊಳಗೆ ಆಟೋ ಹಿಡಿದು ಬಂದು ಬಸ್ಸು ಕಾಯುವುದಾದರೆ ದಿನಕ್ಕೆ ಇನ್ನೂ ಮುಕ್ಕಾಲು ಗಂಟೆ ಹೋಗುತ್ತದೆ. ಸಾಧ್ಯವಾದರೆ ಮೊದಲ ಮಹಡಿ ಬೇಡ, ನೆಲಮಹಡಿಯೇ ಇರಲಿ, ಅತ್ತೆಯವರಿಗಾಗಿ. ಪೂರ್ವದ ಬಿಸಿಲು ಬೀಳುವ ಒಂದು ಕೋಣೆ ಅವರಿಗೆ ಕೊಡಿ.

ಅದರ ಜೊತೆಗೆ ಮಡಿಕೇರಿಯಲ್ಲಿ ನಿಮಗೊಂದು ರಾತ್ರಿ ಉಳಿಯುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ಸಹೋದ್ಯೋಗಿಯ ಮನೆಯಾಗಬಹುದು, ಹೆಂಗಸರ ಪಿಜಿ ಆಗಬಹುದು. ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಚಾರ್ಜರ್ ಕಚೇರಿಯ ಬೀರುವಿನಲ್ಲೇ ಇರಲಿ. ಇಡೀ ಮಳೆಗಾಲದಲ್ಲಿ ಅದು ಮೂರು ನಾಲ್ಕು ದಿನಕ್ಕೆ ಬೇಕಾಗಬಹುದು. ಆದರೆ ಆ ಮೂರು ದಿನ ಕತ್ತಲಲ್ಲಿ, ಮರ ಬಿದ್ದ ರಸ್ತೆಯಲ್ಲಿ ಹೇಗಾದರೂ ಮನೆ ಸೇರಲೇಬೇಕು ಅಂತ ಹೊರಡುವುದು ತಪ್ಪುತ್ತದೆ. ಮನೆಯಲ್ಲಿ ಯಜಮಾನರು ಇರುತ್ತಾರಲ್ಲ, ಒಂದು ರಾತ್ರಿ ನಡೆಯುತ್ತದೆ. ಅವರು ಬೆಂಗಳೂರಿಗೆ ಹೋಗುವ ದಿನಗಳನ್ನು ಮಾತ್ರ ಜುಲೈ, ಆಗಸ್ಟ್‌ನಲ್ಲಿ ಹವಾಮಾನ ನೋಡಿಕೊಂಡು ಇಟ್ಟುಕೊಳ್ಳಲಿ. ಇಬ್ಬರೂ ಒಟ್ಟಿಗೆ ಹೊರಗೆ ಸಿಕ್ಕಿಕೊಳ್ಳಬಾರದು. ಮಗನ ಶಾಲೆಗೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ, ನಿಮಗೆ ಆ ರಜೆ ಇಲ್ಲ. ಆ ದಿನಗಳಲ್ಲೂ ಮನೆಯಲ್ಲಿ ಅವರೇ ಇರಬೇಕು.

ಅತ್ತೆಯವರ ಉಬ್ಬಸದ ಔಷಧಿ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ನೆಬ್ಯುಲೈಜರ್ ಬಳಸುತ್ತಾರಾದರೆ ಅದಕ್ಕೆ ಆಗುವಷ್ಟು ಯುಪಿಎಸ್ ಹಾಕಿಸಿ, ಯಜಮಾನರ ಕಂಪ್ಯೂಟರಿಗೂ ಅದೇ ಆಗುತ್ತದೆ. ಸಣ್ಣಪುಟ್ಟದಕ್ಕೆ ಕುಶಾಲನಗರದಲ್ಲೇ ಡಾಕ್ಟರ್ ಸಿಗುತ್ತಾರೆ. ಜೋರಾದರೆ ಮಡಿಕೇರಿಗೆ ಬರಬೇಕೋ ಮೈಸೂರಿಗೆ ಹೋಗಬೇಕೋ ಅಂತ ಈಗಲೇ ಅವರ ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಯೋಚನೆ ಮಾಡುತ್ತ ಕೂರಲು ಆಗುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಇನ್ನೊಂದು ಸಲ ಬರುವಾಗ ಕಾರು ತರಬೇಡಿ. ಒಂದು ಶುಕ್ರವಾರ ಬನ್ನಿ, ಅವತ್ತು ಮಡಿಕೇರಿಯ ಸಂತೆ, ವಾರಾಂತ್ಯದ ಪ್ರವಾಸಿಗರೂ ಬರಲು ಶುರು ಮಾಡಿರುತ್ತಾರೆ. ಕುಶಾಲನಗರದಿಂದ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಬಸ್ಸು ಹತ್ತಿ ನಿಮ್ಮ ಕಚೇರಿ ತನಕ ಹೋಗಿ. ಊರೆಲ್ಲ ನೋಡಿಕೊಂಡು, ಸಂಜೆ ಐದೂವರೆಗೆ ಕಚೇರಿ ಬಾಗಿಲಿನಿಂದ ಹೊರಟು ಅದೇ ದಾರಿಯಲ್ಲಿ ವಾಪಸ್ ಬನ್ನಿ. ಇಳಿದ ಮೇಲೆ ನೋಡಿದ ಮನೆ ತನಕ ನಡೆದು ಹೋಗಿ ಬೀಗ ತೆಗೆಸಿ ಒಳಗೆ ಕೂತುಕೊಳ್ಳಿ. ಎಷ್ಟು ಗಂಟೆಯಾಯಿತು, ಸುಸ್ತು ಎಷ್ಟಾಯಿತು ಅಂತ ಬರೆದಿಟ್ಟುಕೊಳ್ಳಿ. ಮಳೆಗಾಲಕ್ಕೆ ಅದರ ಮೇಲೆ ಅರ್ಧ ಗಂಟೆ ಸೇರಿಸಿ. ಆದರೂ ಆಗುತ್ತದೆ ಅನ್ನಿಸಿದರೆ ಅವತ್ತೇ ಮಾತು ಮುಗಿಸಿ. ಆಗುವುದಿಲ್ಲ ಅನ್ನಿಸಿದರೆ ಮರುದಿನ ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ಇಳಿಯಿರಿ, ಹೆದ್ದಾರಿ ಬದಿಯಲ್ಲೇ ಎರಡು ಮೂರು ಮನೆ ಖಾಲಿ ಇರುವುದು ನನಗೆ ಗೊತ್ತು. ಹಿಂದೆ ಬರೆ ಇಲ್ಲದ್ದನ್ನೇ ತೋರಿಸುತ್ತೇನೆ.